ಈಗ ದಾಟಿ

ಮಂಗಳವಾರ, ಹನ್ನೊಂದನೇ ತಾರೀಕು
ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಚೆನ್ನಾಗಿ ಬೈದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಫೋನಿಗೆ ಕಳಿಸಬಹುದಿತ್ತಲ್ಲ ಅನ್ನುತ್ತೀಯ. ಕಳಿಸಿದರೆ ನಿನ್ನ ಫೋನು ಅದನ್ನು ನಡುಮನೆಯಲ್ಲಿ ಭಾಷಣ ಮಾಡಿದ ಹಾಗೆ ಓದುತ್ತದೆ. ನಿನ್ನ ತಮ್ಮ, ಅವನ ಹೆಂಡತಿ, ಮಗು, ಎಲ್ಲರಿಗೂ ಪುಕ್ಕಟೆ ಕಥೆ. ಅದಕ್ಕೇ ಹಾಸ್ಟೆಲಿನ ಕಾಲದ ಬ್ರೈಲ್ ಸ್ಲೇಟೂ ಮೊಳೆಯೂ ಹುಡುಕಿ ತೆಗೆದು ಚುಕ್ಕಿ ಚುಚ್ಚುತ್ತಾ ಕೂತಿದ್ದೇನೆ. ಈ ಚುಕ್ಕಿಗಳನ್ನು ಆ ಮನೆಯಲ್ಲಿ ಓದಬಲ್ಲವಳು ನೀನೊಬ್ಬಳೇ.

"ರಸ್ತೆ ಈಗ ಹೇಗೆ ಕೇಳಿಸುತ್ತೆ, ಬಿಡದೆ ಬರಿ" ಅಂದಿದ್ದೆ. ರಸ್ತೆಯಲ್ಲಿ ನೀನು ಬಿದ್ದದ್ದು ಒಂದೇ ಸಲ. ಅದಕ್ಕೆ ಆರು ವರ್ಷದಿಂದ ನಿನ್ನನ್ನು ಒಬ್ಬಳೇ ಗೇಟು ದಾಟಲು ಬಿಟ್ಟಿಲ್ಲ ಆ ಮನೆಯವರು. ಹಾಸ್ಟೆಲಿನಲ್ಲಿ ನನಗೆ ಕೋಲು ಹಿಡಿದು ನಡೆಯಲು ಕಲಿಸಿದವಳು ನೀನು, ಈಗ ಬೀದಿಯ ಸದ್ದನ್ನು ನನ್ನಿಂದ ಕಾಗದದಲ್ಲಿ ತರಿಸಿಕೊಳ್ಳುತ್ತೀಯ. ಪ್ರತಿ ಸಲ ಖುಷಿಯಿಂದ ಬರೆಯುತ್ತಿದ್ದೆ. ಈ ಸಲ ಒಂದೊಂದು ಸಾಲಿಗೂ ನಿಂತು ನಿಂತು ಚುಚ್ಚುತ್ತಿದ್ದೇನೆ.

ದಾರಿ ಹೇಳುವ ಪೆಟ್ಟಿಗೆಯ ವಿಷಯ ಹಿಂದೆ ಬರೆದಿದ್ದೆನಲ್ಲ. ಸೋಪಿನ ಡಬ್ಬಿಯಷ್ಟು ದಪ್ಪ, ಕತ್ತಿಗೆ ತೂಗುಹಾಕಿಕೊಳ್ಳುವುದು. ಈ ಊರಿನಲ್ಲಿ ನಮ್ಮಂಥವರಿಗೆಲ್ಲ ಒಂದೊಂದು ಕೊಟ್ಟಿದ್ದಾರೆ, ಎಲ್ಲದರಲ್ಲೂ ಒಬ್ಬಳೇ ಹೆಂಗಸಿನ ದನಿ. ನಮ್ಮ ಹಾಸ್ಟೆಲಿನ ವಾರ್ಡನಮ್ಮನ ದರ್ಪ ಅವಳಿಗೆ ಹೇಗೆ ಬಂತೋ ಕಾಣೆ. "ಎಡಕ್ಕೆ ತಿರುಗಿ. ಮೆಟ್ಟಿಲಿದೆ. ನಿಲ್ಲಿ." ನಾನು ಅವಳನ್ನು ವಾರ್ಡನಮ್ಮ ಎಂದೇ ಕರೆಯುವುದು. ಸಿಗ್ನಲ್ಲಿನ ಕಂಬಕ್ಕೂ ಅವಳಿಗೂ ಏನೋ ಸಂಪರ್ಕವಿದೆ. ವಾಹನ ನಿಂತು ನಮಗೆ ದಾರಿ ಬಿಟ್ಟ ತಕ್ಷಣ, "ಈಗ ದಾಟಿ. ಹದಿನೈದು ಸೆಕೆಂಡು ಇದೆ" ಅನ್ನುತ್ತಾಳೆ.

ನಾನು ಬ್ರೈಲ್ ಪ್ರೆಸ್ಸಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಮೂಲೆ ಬರುತ್ತದೆ. ಅಲ್ಲಿಂದ ಎರಡು ಕಡೆಗೆ ದಾಟಬಹುದು. ನಾನು ಬ್ಯಾಂಕಿನ ಕಡೆಗೆ ದಾಟಬೇಕು. ದಿನಾ ಅದೇ ಹೊತ್ತಿಗೆ ಅಲ್ಲಿ ನಿಲ್ಲುವ ಇನ್ನೊಬ್ಬರು ಮಾರ್ಕೆಟ್ಟಿನ ಕಡೆಗೆ ದಾಟಬೇಕು. ನನ್ನ ರಸ್ತೆ ನಿಂತಾಗ ಅವರ ರಸ್ತೆ ಓಡುತ್ತಿರುತ್ತದೆ, ಅವರದು ನಿಂತಾಗ ನನ್ನದು. ಅವರಿಗೂ ಹುಟ್ಟಿದಾಗಿನಿಂದ ಕಣ್ಣಿಲ್ಲ. ಬೆತ್ತದ ಕುರ್ಚಿ ಹೆಣೆಯುವ ಕೆಲಸ. ಕುರ್ಚಿಯಣ್ಣ ಅಂತ ನಾನು, ತಂಗಿ ಅಂತ ಅವರು. "ಏನ್ ತಂಗಿ, ಇವತ್ತು ಏನಂತಾಳೆ ನಿನ್ನ ವಾರ್ಡನಮ್ಮ?" "ಸುಮ್ನೆ ನಿಂತ್ಕೋ ಅಂತಾಳೆ ಅಣ್ಣ." ಇಷ್ಟೇ ನಮ್ಮ ಬಾಂಧವ್ಯ, ಎರಡು ವರ್ಷದ್ದು. ಇಬ್ಬರೂ ಒಂದು ಕಿವಿಗೆ ಇಯರ್‌ಫೋನಿನ ತಂತಿ ಸಿಕ್ಕಿಸಿಕೊಂಡು ಇನ್ನೊಂದನ್ನು ರಸ್ತೆಗೆ ಬಿಟ್ಟಿರುತ್ತಿದ್ದೆವು. ಅವರವರ ವಾರ್ಡನಮ್ಮ ಅವರವರಿಗೆ.

ಹೋದ ಸೋಮವಾರ ಆ ಮೂಲೆಯಲ್ಲಿ ರಸ್ತೆ ಅಗೆಯಲು ಶುರು ಮಾಡಿದರು. ಅಕ್ಕ, ಅಂಥ ಸದ್ದು ನಾನು ಕೇಳಿಲ್ಲ. ಹಲ್ಲಿನ ಬುಡದಲ್ಲೇ ಯಂತ್ರ ಇಟ್ಟು ಕೊರೆದ ಹಾಗೆ. ಬಸ್ಸು ಯಾವುದು, ಬೈಕು ಯಾವುದು, ಬರುತ್ತಿದೆಯೋ ಹೋಗುತ್ತಿದೆಯೋ, ಒಂದೂ ತಿಳಿಯದು. "ತಂಗೀ, ಪಾತಾಳಕ್ಕೆ ದಾರಿ ಮಾಡ್ತಿದ್ದಾರೆ!" ಅಂತ ಅಣ್ಣ ಕೂಗಿದರು. ನಾನೂ ಕೂಗಿ ಏನೋ ಅಂದೆ. ವಾರ್ಡನಮ್ಮನ ದನಿ ಕಿವಿಯೊಳಗೇ ಸತ್ತುಹೋಗುತ್ತಿತ್ತು. ಆಫೀಸಿಗೆ ಬೇರೆ ತಡ. ಸಿಡಿಮಿಡಿಯಿಂದ ತಂತಿ ಕಿತ್ತು, ಪೆಟ್ಟಿಗೆಯ ಸದ್ದನ್ನು ಪೂರ್ತಿ ಏರಿಸಿದೆ.

"ಈಗ ದಾಟಿ. ಹದಿನೈದು ಸೆಕೆಂಡು ಇದೆ." ಎದೆಯ ಮೇಲಿಂದ ಕಿರುಚಿದಳು. ದಾಟಿದೆ. ಆ ಬದಿಯ ಫುಟ್‌ಪಾತಿಗೆ ಕೋಲು ತಾಗುವಷ್ಟರಲ್ಲಿ ಹಿಂದೆ ಬ್ರೇಕಿನ ಸದ್ದು, ಏನೋ ಬಡಿದ ಸದ್ದು, ಜನ "ಅಯ್ಯೋ ಅಯ್ಯೋ" ಅಂದದ್ದು ಕೇಳಿಸಿತು. ಪಾಪ, ಯಾರಿಗೋ ಏನೋ ಆಯಿತು ಅಂದುಕೊಂಡು ನಡೆದೆ. ಹೌದು, ನಿಲ್ಲಲಿಲ್ಲ. ಮೂರನೇ ತರಗತಿ ಪುಸ್ತಕದ ಕರಡು ನನ್ನ ಮೇಜಿನ ಮೇಲೆ ಕಾಯುತ್ತಿತ್ತು. ಅವತ್ತು ಸಂಜೆಯವರೆಗೆ ಬೆರಳಾಡಿಸಿ ಹನ್ನೊಂದು ತಪ್ಪು ಹಿಡಿದೆ, ಮೆಚ್ಚಿಗೆಯನ್ನೂ ಪಡೆದೆ.

ಮರುದಿನ ಆ ಮೂಲೆಯ ಪೇಪರ್ ಅಂಗಡಿಯವರು ಕೈ ಹಿಡಿದು ನಿಲ್ಲಿಸಿದರು. "ನಿಮ್ ಜೊತೆ ದಿನಾ ಮಾತಾಡ್ತಿದ್ರಲ್ಲ, ಕುರ್ಚಿಯವ್ರು, ಅವ್ರಿಗೇ ನಿನ್ನೆ ವ್ಯಾನ್ ಗುದ್ದಿದ್ದು. ಓಡೋ ರಸ್ತೆಗೆ ನೆಟ್ಟಗೆ ಇಳಿದುಬಿಟ್ರು ಕಣಮ್ಮ, ನಾವು ಕೂಗಿದ್ರೂ ಕೇಳಿಸ್ಲಿಲ್ಲ." ಯಾವ ಆಸ್ಪತ್ರೆ ಅಂತ ಕೇಳಿಕೊಂಡೆ. ಆದರೂ ನಿಜ ಹೇಳುತ್ತೇನೆ, ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಶುಕ್ರವಾರ, ಆಸ್ಪತ್ರೆಯ ಕಾರಿಡಾರಿನಲ್ಲಿ. ಅಣ್ಣನ ಮಗಳು ಸಿಕ್ಕಳು, ಕಾಲೇಜಿನಲ್ಲಿ ಪಾಠ ಹೇಳುವವಳು. ತೊಡೆಯ ಮೂಳೆ ಮುರಿದಿದೆ, ಕೂಡುತ್ತದಂತೆ. ಬಲಗೈಯ ಮಣಿಕಟ್ಟು ನುಚ್ಚುನೂರು. ಎರಡು ಬೆರಳಿಗೆ ಮತ್ತೆ ಸ್ಪರ್ಶ ಬರುವುದು ಕಷ್ಟ ಅಂದರಂತೆ ಡಾಕ್ಟರು. ಅಕ್ಕ, ನಿನಗೆ ಬಿಡಿಸಿ ಹೇಳಬೇಕೇ? ಬೆತ್ತ ಹೆಣೆಯುವ ಬೆರಳು, ಓದುವ ಬೆರಳು.

ಆಮೇಲೆ ಅವಳು ದನಿ ತಗ್ಗಿಸಿದಳು. "ಅಪ್ಪ ಒಂದೇ ಸಮ ಹೇಳ್ತಿದ್ದಾರೆ ಆಂಟಿ, ಗದ್ದಲ ಅಂತ ತಂತಿ ತೆಗೆದಿದ್ದೆ, ಪೆಟ್ಟಿಗೆ ದಾಟಿ ಅಂತು, ಅದಕ್ಕೇ ದಾಟಿದೆ ಅಂತ. ಪೆಟ್ಟಿಗೆ ಕಂಪನಿಯವ್ರು ಬಂದು ತೆಗೆದು ನೋಡಿದ್ರು. ಆ ಹೊತ್ತಲ್ಲಿ ಅಪ್ಪನ ಪೆಟ್ಟಿಗೆ ಬಾಯೇ ಬಿಟ್ಟಿಲ್ಲ. ವಯಸ್ಸಾಯ್ತು, ಏನೇನೋ ಕೇಳಿಸೋಕೆ ಶುರುವಾಗಿದೆ. ಇನ್ನು ಒಬ್ರನ್ನೇ ಹೊರಗೆ ಕಳಿಸೋ ಮಾತೇ ಇಲ್ಲ."

ಗೋಡೆ ಎಲ್ಲಿದೆ ಅಂತ ತಡಕಿದೆ, ಸಿಗಲಿಲ್ಲ. ಅಣ್ಣನಿಗೆ ಏನೇನೋ ಕೇಳಿಸಿಲ್ಲ ಅಕ್ಕ. ಕೇಳಿಸಿದ್ದು ನನ್ನ ಪೆಟ್ಟಿಗೆ. ಅದೇ ದನಿ, ಅದೇ ಮಾತು, ಮೂರು ಹೆಜ್ಜೆ ಪಕ್ಕದಲ್ಲಿ. ದಿನಾ ತಂತಿ ಹಾಕಿಕೊಳ್ಳುವ ತಂಗಿ ಅವತ್ತು ಕಿತ್ತಿದ್ದಾಳೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನನಗೊಬ್ಬಳಿಗೆ ಗೊತ್ತು. ನನಗೆ "ದಾಟಿ" ಅಂದವಳು ಅವರನ್ನು ಓಡುವ ವ್ಯಾನಿನ ಮುಂದೆ ಇಳಿಸಿದಳು. ನಾನು ಅವರ ಹೆಣೆಯುವ ಕೈಯನ್ನು ತುಳಿದು ಆಫೀಸಿಗೆ ಹೋಗಿ ಮೆಚ್ಚಿಗೆ ಪಡೆದೆ. ಇದನ್ನು ಇಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಇನ್ನೂ ನಂಬಲಾಗುತ್ತಿಲ್ಲ.

ಒಳಗೆ ಹೋದೆ. ಐದು ನಿಮಿಷ ಕೂತೆ, ಅದೂ ಇದೂ ಮಾತಾಡಿದೆ, ಬಂದೆ. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಅಂದುಕೊಂಡಿದ್ದೇನೆ.

ಮನೆಯಲ್ಲಿ ನಮ್ಮವರಿಗೂ ಹೇಳಿಲ್ಲ. ಆ ಮೂಲೆಯ ಸುದ್ದಿ ಕೇಳಿಯೇ, "ನಾಳೆಯಿಂದ ನಾನೇ ಬಿಟ್ಟು ಬರ್ಲಾ?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಿನ್ನ ತಮ್ಮನೂ ಒಳ್ಳೆಯ ಮನಸ್ಸಿನಿಂದಲೇ ಶುರು ಮಾಡಿದ್ದಲ್ಲವೇ? ನನ್ನ ಪೆಟ್ಟಿಗೆ ಹೀಗೆ ಮಾಡಿತು ಅಂತ ತಿಳಿದರೆ ನನ್ನ ಕೋಲೂ ಮೂಲೆ ಸೇರುತ್ತದೆ. ಎರಡು ದಿನದಿಂದ ರಜೆ ಹಾಕಿದ್ದೇನೆ, ತಲೆನೋವು ಅಂತ.

ನಿನ್ನ ಮಂಡಿನೋವು ಹೇಗಿದೆ? ಮಗುವಿಗೆ ನನ್ನ ಆಶೀರ್ವಾದ ತಿಳಿಸು, ಚೆನ್ನಾಗಿ ಓದಲಿ, ನಿನ್ನ ಜೊತೆ ಅಂಗಳದಲ್ಲಾದರೂ ನಾಲ್ಕು ಹೆಜ್ಜೆ ನಡೆಯಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ ಅಕ್ಕ, ಈಗ ಬೇಕಾದಷ್ಟು ಯಾವತ್ತೂ ಬೇಕಾಗಿರಲಿಲ್ಲ.

ನೀನೇ ಹೆಸರಿಟ್ಟ,
ನಿನ್ನ ಬಾಯಿಬಡುಕಿ

ವಿ.ಸೂ.: ಆ ಐದು ನಿಮಿಷದ ಬಗ್ಗೆ ಸುಳ್ಳು ಬರೆದೆ. ಹಾಳೆ ಮಡಚಿದ್ದವಳು ಮತ್ತೆ ಬಿಚ್ಚಿದೆ. ಇದನ್ನು ಎರಡು ಸಲ ಚುಚ್ಚಿ, ಎರಡು ಸಲ ಉಗುರಿನಿಂದ ಉಜ್ಜಿ ಅಳಿಸಿದ್ದೇನೆ. ನಿನ್ನ ಬೆರಳಿಗೆ ಆ ಒರಟು ಸಿಕ್ಕೀತು.

ನನ್ನ ಕೋಲಿನ ಸದ್ದಿಗೇ ಅಣ್ಣ ಗುರುತು ಹಿಡಿದರು. "ಬಂದ್ಯಾ ತಂಗಿ? ಒಳ್ಳೇದಾಯ್ತು. ಇವ್ರಿಗೆ ನೀನಾದ್ರೂ ಹೇಳು. ಪಕ್ಕದಲ್ಲೇ ಇದ್ಯಲ್ಲ, ದಾಟಿ ಅಂದಿದ್ದು ನಿಂಗೂ ಕೇಳಿಸ್ತು ತಾನೇ?" ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ನಾನು, "ಇಲ್ಲ ಅಣ್ಣ" ಅಂದೆ.

ಅವರು ಪಟ್ಟಿ ಕಟ್ಟಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ, "ಹಾಗಾದ್ರೆ ನನ್ನ ಕಿವೀನೂ ಹೋಯ್ತು ಬಿಡು" ಅಂದರು. ಮಂಚದ ಪಕ್ಕ ಒರಗಿಸಿದ್ದ ತಮ್ಮ ಕೋಲನ್ನು ಎಡಗೈಯಿಂದಲೇ ತಡಕಿ ತೆಗೆದು, "ನಿಂಗೆ ಉಪಯೋಗಕ್ಕೆ ಬರುತ್ತೆ, ಇಟ್ಕೋ ತಂಗಿ" ಅಂತ ನನ್ನ ಕೈಗಿಟ್ಟರು.

ಬೇಡ ಅನ್ನಲಿಲ್ಲ ಅಕ್ಕ. ತೆಗೆದುಕೊಂಡು ಬಂದೆ.