ಸಹಿ ಹಾಕ್ಲೇನು, ಬಂದ್ಬಿಡ್ಲೇನು?

ಕಮಲಾಪುರ
೧೦-೯-೨೦೨೫

ಮಗನೇ ಪ್ರೇಮಕುಮಾರ, ಜೈಭೀಮ್.

ನಾನು, ನಿಮ್ಮಪ್ಪ ಇಬ್ಬರೂ ಆರಾಮ ಇದ್ದೇವೆ. "ಯವ್ವಾ, ಟೀಮಿನೋರು ಇನ್ನೆರಡು ವರ್ಷಕ್ಕ ಸಹಿ ಹಾಕು ಅಂತಾರ. ಹಾಕ್ಲೇನು, ಬಂದ್ಬಿಡ್ಲೇನು? ನೀ ಹೇಳಿದಂಗ" ಎಂದು ನೀನು ಜಪಾನಿನಿಂದ ಕೇಳಿ ಇಪ್ಪತ್ತು ದಿನ ಆಯಿತು. ನಾಳೆ ಹೇಳುತ್ತೇನೆ ಎಂದವಳು ಇವತ್ತು ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬಾ ಎಂದುಬಿಡುತ್ತೇನೆ, ಅದಕ್ಕೇ ಕಾಗದ. ಅಕ್ಟೋಬರ್ ಕೊನೆಯ ತನಕ ವೇಳೆ ಇದೆ ಅಂದಿದ್ದೆಯಲ್ಲ, ಅದರೊಳಗೆ ಮುಟ್ಟುತ್ತದೆ.

ನಿನ್ನ ಆಟವನ್ನು ಪಕ್ಕದ ಮನೆ ಅಮೀನಾಳ ಫೋನಿನಲ್ಲಿ ನೋಡಿದೆವು. ಬೇಸ್‌ಬಾಲ್ ಅಂದರೇನು ಎಂದು ಅವಳಿಗೆ ನಾನೇ ಹೇಳಿಕೊಟ್ಟೆ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವನು ನಮ್ಮವನು, ಅವನಿಗೆ ಶಾರ್ಟ್‌ಸ್ಟಾಪ್ ಅನ್ನುತ್ತಾರೆ, ಚೆಂಡು ಹೆಚ್ಚು ಬರುವುದು ಅವನ ಕಡೆಗೇ ಎಂದೆ. ನೀನು ಮಣ್ಣಿಗೆ ಹಾರಿಬಿದ್ದು ಹಿಡಿದು, ಮೊಣಕಾಲ ಮೇಲಿದ್ದಂತೆಯೇ ಎಸೆದೆ.

"ಎಲ್ಲಾ ಖರೇ ಅಕ್ಕಾ, ಬಿಳೀ ಪ್ಯಾಂಟ್ ಯಾಕ ಕೊಟ್ಟಾರ? ಒಗಿಯೋರು ಯಾರು?" ಅಂದಳು.

"ಅಲ್ಲಿ ಮಷೀನ್ ಅದ. ಅದಕ್ಕ ನಿನ್ನಂಗ ಬಾಯಿ ಇಲ್ಲ" ಅಂದರು ನಿಮ್ಮಪ್ಪ.

ನಕ್ಕೆವು. ಮುಂದಿನ ಚೆಂಡು ನಿನ್ನ ಕಾಲ ನಡುವಿನಿಂದ ಹೋಯಿತು. ಮೊದಲ ವರ್ಷವೇ ಹದಿನಾಲ್ಕು ಚೆಂಡು ಬಿಟ್ಟೆ, ಆರು ಆಟ ಹೊರಗೆ ಕೂರಿಸಿದರು ಎಂದು ನೀನು ನೊಂದುಕೊಂಡಿದ್ದೆ. ಬಿಟ್ಟವನಿಗೇ ಇನ್ನೆರಡು ವರ್ಷ ಇರು ಅನ್ನುತ್ತಾರೆಂದರೆ ಅವರಿಗೆ ಏನೋ ಕಂಡಿರಬೇಕು.

ಹೋದ ವಾರ ತೋಟದಲ್ಲಿ ಕೆಂಪು ಬಾಳೆ ಗೊನೆ ಇಳಿಸಿದರು. ನಿಮ್ಮಪ್ಪ ನಾಲ್ಕು ಹಣ್ಣು ತಂದರು. ಕೈರೂಢಿ, ನಿನಗೆಂದು ಎರಡು ತೆಗೆದಿಟ್ಟೆ. ಕಪ್ಪಾದ ಮೇಲೆ ಅಮೀನಾಳ ಮೇಕೆಗೆ ಹಾಕಿದೆ. ಇಲ್ಲಿ ನಾಲ್ಕು ಗಂಟೆಯಾದರೆ ಅಲ್ಲಿ ಏಳೂವರೆ, ನೀನು ಊಟಕ್ಕೆ ಕೂತಿರುತ್ತೀ ಎಂದು ಆ ಹೊತ್ತಿಗೆ ನಾನೂ ಒಂದು ಲೋಟ ನೀರು ಕುಡಿಯುತ್ತೇನೆ.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡು. ಬುದ್ಧ, ಧಮ್ಮ, ಸಂಘದ ನೆರಳು ನಿನ್ನ ಮೇಲಿರಲಿ.

ನಿನ್ನ ಅವ್ವ,
ಪುತಳಾಬಾಯಿ

ತಾ.ಕ.: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ಕಲಬುರಗಿಯ ವಿಹಾರಕ್ಕೆ ಹೋಗಿದ್ದೆ. ಎಲ್ಲರೊಂದಿಗೆ ಪಂಚಶೀಲ ಹೇಳುತ್ತಿದ್ದೆ. ನಾಲ್ಕನೆಯದಕ್ಕೆ, ಸುಳ್ಳಾಡುವುದಿಲ್ಲ ಎಂಬಲ್ಲಿಗೆ, ಬಾಯಿ ನಿಂತಿತು. ನಾಲ್ಕು ವರ್ಷದಿಂದ ಅಲ್ಲಿ ಬರೀ ತುಟಿ ಆಡಿಸುತ್ತಿದ್ದೇನೆ.

ನೀನು ಕುಸನೂರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದಾಗ, ನಿನಗೆ ಆಟ ಕಲಿಸಿದ ದತ್ತಪ್ಪ ಸರ್ ಫೋನ್ ಮಾಡಿದ್ದರು. "ಅಕ್ಕಾರ, ನಾಳೆ ಪುಣಾದಾಗ ಆಯ್ಕೆ ಅದ, ಪ್ರೇಮನ್ನ ಕಳಸ್ರಿ. ಆರಿಸಿದ್ರ ಪರದೇಶಕ್ಕೇ ಹೋಗ್ತಾನ." ಪರದೇಶ ಎಂಬ ಮಾತಿಗೆ ಹೆದರಿ, "ಜ್ವರ ಬಂದು ಮಲಗ್ಯಾನ್ರೀ ಸರ್" ಅಂದೆ. ನೀನು ಅಪ್ಪನ ಜೊತೆ ಗೊನೆ ಹೊರುತ್ತಿದ್ದೆ. ಪುಣೆಗೆ ಹೋದವರ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದು ಗೊತ್ತಾದಾಗ "ದಲಿತರ ಓಣಿ ಹುಡುಗ ಅಂತ ಸರ್ ನನ್ನ ಬಿಟ್ಟಾರವ್ವಾ" ಎಂದು ನೀನು ಕಣ್ಣೀರು ಹಾಕಿದೆ. ನಾನು ತಲೆ ಸವರಿದೆ, ನಿಜ ಹೇಳಲಿಲ್ಲ. ಅಂದಿನಿಂದ ನೀನು ಅವರ ಜೊತೆ ಮಾತು ಬಿಟ್ಟೆ. ಮುಂದೆ ಬೇರೆ ಆಯ್ಕೆಯಲ್ಲಿ ಗೆದ್ದು ಜಪಾನಿಗೆ ಹೋಗುವಾಗಲೂ ಅವರಿಗೆ ಹೇಳಲಿಲ್ಲ.

ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಆಮೇಲೆ, "ನಾ ಏನ್ ತಪ್ಪು ಮಾಡೀನಂತ ನಾಕ್ ವರ್ಷ ವಿಚಾರ ಮಾಡೀನ್ರೀ ಅಕ್ಕಾರ" ಅಂದರು.

ನನ್ನ ಮನಸ್ಸು ಬಾ ಎಂದೇ ಹೇಳುತ್ತದೆ. ಅದರ ಮಾತು ಕೇಳಬೇಡ. ಸಹಿ ಹಾಕಬೇಕೋ ಬೇಡವೋ, ಸರ್‌ಗೆ ಫೋನ್ ಮಾಡಿ ಕೇಳು. ಆಮೇಲೆ ಮನಸ್ಸು ಬಂದರೆ ನನಗೂ ಮಾಡು.