ಪಕ್ಕದ ಕೋಶಕ್ಕೆ ಹೋದ ಹಸಿರು

ಫೆ. ೩, ಸೋಮವಾರ, ಬೆಳಿಗ್ಗೆ ೮
ಕೋಶಗಳಿಗೆ ಊಟ ಹಾಕಿ ಆಯಿತು. ನನ್ನದು ಇನ್ನೂ ಆಗಿಲ್ಲ. ಮಧ್ಯಾಹ್ನ ಫತೇಗಂಜ್‌ಗೆ ಹೋಗಿ ಸೇವ್ ಉಸಳ್ ತಿನ್ನಬೇಕು, ಖಾರದ ಬಟಾಣಿ ಸಾರಿನ ಮೇಲೆ ಸೇವ್.

ಡಿಶ್‌ನಲ್ಲಿ ಆಸ್ತಮಾ ಇರುವವರ ಶ್ವಾಸನಾಳದ ಕೋಶಗಳು, ಒಂದರ ಪಕ್ಕ ಒಂದು. ಒಂದಕ್ಕೆ ಸೂಜಿ ತಾಗಿಸಿದರೆ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ನಾವು ಹಾಕಿದ ಬಣ್ಣ ಹಸಿರಾಗಿ ಹೊಳೆಯುತ್ತದೆ. ಸುದ್ದಿ ಪಕ್ಕದವುಗಳಿಗೂ ಹೋಗುತ್ತದೆ. ಆ ಕ್ಯಾಲ್ಸಿಯಂ ಹೊರಗಿನ ದ್ರಾವಣದ್ದೋ, ಕೋಶ ಒಳಗೇ ಕೂಡಿಟ್ಟದ್ದೋ? ೧೪ಕ್ಕೆ ಪಿಎಚ್‌ಡಿ ಕಮಿಟಿ. ಉತ್ತರ ತೋರಿಸದಿದ್ದರೆ ಟಾಪಿಕ್ ಬದಲು. ಎರಡು ವರ್ಷ ನೀರಲ್ಲಿ ಹೋಮ.

ಫೆ. ೬, ಗುರುವಾರ, ಸಂಜೆ ೫
ಬಂತು!! ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲೂ ಹಸಿರು ಬಂತು! ಅಂದರೆ ಕೋಶ ಒಳಗೇ ಕೂಡಿಟ್ಟದ್ದು. ಸೂಜಿ ಹಿಡಿದವನು ಲ್ಯಾಬ್‌ಮೇಟ್ ಮಂಥನ್. ಸೂರತ್ತಿನವನು, ಅಪ್ಪ ಅಲ್ಲಿನ ವರಾಛಾದಲ್ಲಿ ವಜ್ರ ಉಜ್ಜುವವರು, ಇವನ ಕೈಯೂ ನಡುಗುವುದಿಲ್ಲ. ಮೊದಲು ಒಂದು ಹೊಳೆಯಿತು, ಆಮೇಲೆ ಸುತ್ತ ಆರು, ಆಮೇಲೆ ಎಣಿಸಲಾಗಲಿಲ್ಲ. ಖುಷಿಗೆ ಅವನ ಬೆನ್ನಿಗೊಂದು ಗುದ್ದಿದೆ.

ಗೈಡ್ ಸುಭದ್ರಾ ಮ್ಯಾಡಂ ಮೈಸೂರಿನವರು, ಹೊಗಳುವುದರಲ್ಲಿ ಮಹಾ ಜಿಪುಣಿ. ವಿಡಿಯೊ ಎರಡು ಸಲ ನೋಡಿದರು. ಕಮಿಟಿಗೆ ತೋರಿಸಲು ಸ್ಲೈಡ್ ಮಾಡು ಎಂದರು. ನನಗಷ್ಟೇ ಸಾಕು.

ಫೆ. ೧೧, ಮಂಗಳವಾರ, ಬೆಳಿಗ್ಗೆ ೧೦
ಇಷ್ಟು ದಿನ ಬರೀ ಸ್ಲೈಡ್. ಇವತ್ತು ದ್ರಾವಣ ತುಂಬುವ ಬಾಟಲಿಯೊಂದನ್ನು ನಲ್ಲಿಗೆ ಹಿಡಿದಿದ್ದೆ. ತೊಳೆದಿಟ್ಟಿದ್ದನ್ನು ಮತ್ತೇಕೆ ತೊಳೆಯುತ್ತೀಯಾ ಎಂದ ಮಂಥನ್. ಕೈ ಅಲ್ಲೇ ನಿಂತಿತು.

ಅಮ್ಮನ ಅಡುಗೆಮನೆಯ ಅಭ್ಯಾಸ. ಒಣಗಿದ ಪಾತ್ರೆಯನ್ನೂ ಒಮ್ಮೆ ಗಲಬರಿಸದೆ ಒಲೆಗೆ ಇಡುವವರಲ್ಲ ನಾವು. ಆದರೆ ನಲ್ಲಿ ನೀರು! ನನ್ನ ರೂಮಿನ ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವುದೇ ಅದರ ಕ್ಯಾಲ್ಸಿಯಂ. ಗುರುವಾರದ ಬಾಟಲಿಯನ್ನೂ ಹೀಗೇ ಗಲಬರಿಸಿದ್ದೆ. ನೂರಕ್ಕೆ ನೂರು. ಕ್ಯಾಲ್ಸಿಯಂ ಇಲ್ಲದ ದ್ರಾವಣಕ್ಕೆ ನಾನೇ ಕ್ಯಾಲ್ಸಿಯಂ ಸೇರಿಸಿದ್ದೆ.

ಹೇಳದಿದ್ದರೆ ಯಾರಿಗೂ ಗೊತ್ತಾಗದು... ಥೂ, ಸ್ಲೈಡ್ ಫೈಲ್ ಮುಚ್ಚಿದೆ.

ಮಧ್ಯಾಹ್ನ ೩
ಹೇಳಿಬಿಟ್ಟೆ. ಮ್ಯಾಡಂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.
"ಆ ಡೇಟಾ ಬಿಟ್ಟುಬಿಡು ಕಣಮ್ಮ. ಕೋಶ ಎಷ್ಟಿದೆ?"
ಒಂದೇ ಡಿಶ್. ಶುಕ್ರವಾರ ಬೆಳಿಗ್ಗೆಗೆ ರೆಡಿಯಾಗುತ್ತದೆ. ಕಮಿಟಿ ಅವತ್ತೇ ಹನ್ನೊಂದಕ್ಕೆ.

ಫೆ. ೧೪, ಶುಕ್ರವಾರ, ೮:೪೦
ಹೊಸ ಪ್ಲಾಸ್ಟಿಕ್ ಬಾಟಲಿ. ಡಿಸ್ಟಿಲ್ಡ್ ನೀರು. ಅಳಿದುಳಿದ ಕ್ಯಾಲ್ಸಿಯಂ ಹಿಡಿದುಹಾಕುವ ಪುಡಿಯನ್ನೂ ಸೇರಿಸಿದ್ದೇನೆ. ಮಂಥನ್ ನಲ್ಲಿಗೆ ಟೇಪ್ ಸುತ್ತಿಟ್ಟಿದ್ದಾನೆ, ಕಳ್ಳ. ಮ್ಯಾಡಂ ಕೂಡ ಬಂದರು. ನನಗೆ ಹೆದರಿಕೆಯೋ ಖುಷಿಯೋ ಗೊತ್ತಾಗುತ್ತಿಲ್ಲ.

೮:೫೫
ಲೈಟ್ ಆರಿಸಿದ್ದೇವೆ, ಸ್ಕ್ರೀನಿನ ಬೆಳಕಲ್ಲೇ ಗೀಚುತ್ತಿದ್ದೇನೆ. ಸೂಜಿ ತಾಗಿತು. ಒಂದು ಹೊಳೆಯಿತು. ಒಂದೇ. ಎರಡು ಸೆಕೆಂಡ್... ಮೂರು... ಏನೂ ಇಲ್ಲ. ಮ್ಯಾಡಂ ಕೈ ನನ್ನ ಭುಜದ ಮೇಲೆ. ಪಕ್ಕದ್ದು — ಹೌದು, ಪಕ್ಕದ್ದೂ! ಅದರ ಪಕ್ಕದ್ದೂ! ಒಳಗಿನದೇ, ಎಲ್ಲ ಒಳಗಿನದೇ. ಮ್ಯಾಡಂ ಜೋರಾಗಿ ಎಣಿಸುತ್ತಿದ್ದಾರೆ, ಹನ್ನೆರಡು, ಹದಿಮೂರು, ಪೆನ್ನು ಕೆಳಗಿಡು ಅಂತ ಮಂಥನ್ —