ಕೆನೆ ಬಣ್ಣದ ಮೇಲಿನ ಕಬ್ಬಿಣದ ಚುಕ್ಕೆಗಳು

ಪ್ರೀತಿಯ ತಮ್ಮ ಸದಾಶಿವನಿಗೆ,

ಅಕ್ಕನ ಆಶೀರ್ವಾದ. ತೀರಿಹೋದವನಿಗೆ ಆಶೀರ್ವಾದ ಮಾಡುವ ಕ್ರಮ ಉಂಟೋ ಇಲ್ಲವೋ ನನಗೆ ತಿಳಿಯದು. ನಿನಗೆ ಬರೆದ ಕಾಗದಗಳನ್ನೆಲ್ಲ ಹೀಗೆಯೇ ಶುರು ಮಾಡಿದವಳು ನಾನು, ಈಗ ಬೇರೆ ಮಾತು ಕೈಗೆ ಬರುವುದಿಲ್ಲ. ಮನೆಯ ಸುಖದುಃಖ ಆಮೇಲೆ ಬರೆಯುತ್ತೇನೆ. ಮೊದಲು ನನಗೊಂದು ಉತ್ತರ ಬೇಕು. ತುಕ್ಕು ಬಿಡಿಸಲು ಬಿಂಬುಳಿ ಕಾಯಿಯ ಹುಳಿ ರಸವನ್ನು ನೀನು ಕಾರಿನ ಮೇಲೆ ಎಷ್ಟು ಹೊತ್ತು ಬಿಡುತ್ತಿದ್ದೆ? ನೀರು ಬೆರೆಸುತ್ತಿದ್ದೆಯಾ, ಇಲ್ಲವಾ?

ನಮ್ಮ ಅಂಬಾಸಿಡರಿಗೆ ನೀನು ಬಣ್ಣ ಹೊಡೆದು ಮುಗಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರ್ಕಳದ ನಿನ್ನ ಶೆಡ್ಡಿನಿಂದ ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದೆ. ಆಗಲೇ ನಿನಗೆ ಕೆಮ್ಮು ಹಿಡಿದು ಬಹಳ ಕಾಲವಾಗಿತ್ತು. ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, "ಅಕ್ಕಾ, ಒಮ್ಮೆ ಕೈಯಾಡಿಸಿ ನೋಡು, ಬೆಣ್ಣೆ ಅಲ್ವಾ?" ಎಂದೆ. ನಾನು ನೋಡಿದೆ. ಬೆಣ್ಣೆಯೇ ಆಗಿತ್ತು. ಆದರೂ, "ಡಿಕ್ಕಿಯ ಹತ್ತಿರ ಸ್ವಲ್ಪ ದಪ್ಪ ಆಗಿದೆ" ಎಂದೆ. "ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕಾದರೆ ನಾನು ಇನ್ನೊಮ್ಮೆ ಹುಟ್ಟಿ ಬರಬೇಕು ಮಾರಾಯ್ತಿ" ಎಂದು ನಕ್ಕೆಯಲ್ಲ, ನಗುವಾಗ ಕೆಮ್ಮು ಬಂದು ಬಾನೆಟ್ಟಿಗೆ ಒರಗಿ ನಿಂತೆ. ಅದೇ ನೀನು ಬಣ್ಣ ಹೊಡೆದ ಕೊನೆಯ ಕಾರು. ಆ ಮೇಲೆ ನೀನು ಮಣಿಪಾಲದ ಆಸ್ಪತ್ರೆಗೆ ಹೋದವನು...

ನಿನ್ನ ಮಗಳು ವನಜ, ತಾಯಿ ತೀರಿಕೊಂಡ ಮೇಲೆ ಈ ಸೋದರತ್ತೆಯ ಮಡಿಲಿಗೆ ಬಂದ ಮಗು, ನೀನು ತೀರಿಹೋದ ವಾರ ನನ್ನ ಹತ್ತಿರ ಒಂದೇ ಒಂದು ಮಾತು ಕೇಳಿದ್ದಳು. "ಮಾಮೀ, ನನ್ನ ದಿಬ್ಬಣ ಹೊರಡುವುದು ಅಪ್ಪನ ಕಾರಿನಲ್ಲೇ ಅಲ್ವಾ?" ಕಾರು ನನ್ನ ಗಂಡನ ಹೆಸರಿನಲ್ಲಿ ಉಂಟು, ಓಡಿಸುವುದು ನನ್ನ ಮಗ ಗೋಪಾಲ. ಅವಳಿಗೆ ಮಾತ್ರ ಅದು ಅಪ್ಪನ ಕಾರು. ನಾನು ಮಾತು ಕೊಟ್ಟೆ. ಈಗ ಮದುವೆ ಹತ್ತಿರ ಬಂದಿದೆ. ಗಂಡಿನ ಕಡೆಯವರು ಕಾಪುವಿನವರು, ಒಳ್ಳೆಯ ಜನ. ಕಾರು ಮಾತ್ರ ಸಿಡುಬು ಎದ್ದ ಹಾಗೆ ಅಂಗಳದಲ್ಲಿ ನಿಂತಿದೆ. ಬಾನೆಟ್ಟು, ಬಾಗಿಲು, ಕಾರಿನ ಮೇಲಿನ ಮಾಡು, ಇವುಗಳ ತುಂಬ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ತೊಳೆದರೆ ಹೋಗುವುದಿಲ್ಲ. ಕೈಯಾಡಿಸಿದರೆ ತರಿತರಿ, ಕಡಲ ಬದಿಯ ಹೊಯಿಗೆ ಸವರಿದ ಹಾಗೆ.

ಮೊದಲು ಅದನ್ನು ಕಂಡವನು ಗೋಪಾಲ. ಕಂಡ ಕೂಡಲೇ, "ಮಲ್ಪೆಯ ಮೀನಿನ ಲಾರಿ ಅಮ್ಮಾ. ಹಿಂದೆ ಹೋಗುವಾಗ ಉಪ್ಪು ನೀರು ಹಾರಿದೆ" ಎಂದ. ಸಮುದ್ರದ ಬದಿಯ ನಾವು ತುಕ್ಕು ಎಂದರೆ ಉಪ್ಪು ಎನ್ನುತ್ತೇವೆ, ಬೇರೆ ಯೋಚನೆಯೇ ಬರುವುದಿಲ್ಲ. ನಾನೂ ಹಾಗೆಯೇ ತಿಳಿದು ದಿನಾ ಬಾವಿ ನೀರು ಹೊಯ್ಯಿಸಿದೆ. ಚುಕ್ಕೆ ಹೆಚ್ಚಾಯಿತು. ಕೊನೆಗೆ ಗೋಪಾಲ ಉಡುಪಿಯಿಂದ ಒಬ್ಬ ಪೈಂಟರನ್ನು ಕರೆತಂದ. ಅವನು ಬಾನೆಟ್ಟನ್ನು ಉಗುರಿನಲ್ಲಿ ಕೆರೆದು, "ತಗಡೇ ಒಳಗಿಂದ ತುಕ್ಕು ಹಿಡಿದಿದೆ. ಎಲ್ಲ ಉಜ್ಜಿ ತೆಗೆದು ಹೊಸ ಬಣ್ಣ ಹಾಕಬೇಕು. ಸೋಮವಾರ ತನ್ನಿ, ಮದುವೆಗೆ ಫಳಫಳ ಮಾಡಿ ಕೊಡ್ತೇನೆ" ಎಂದ. ವನಜ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಕೇಳಿ ಒಳಗೆ ಹೋದಳು. ಆ ಹುಡುಗಿ ಅತ್ತು ರಂಪ ಮಾಡಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಸುಮ್ಮನೆ ಹೋದವಳಿಗೆ ನಾನು ಎಂತ ಹೇಳುವುದು?

ಮರುದಿನ ಸಂಜೆ ಬಟ್ಟೆ ತೆಗೆಯಲು ಅಂಗಳಕ್ಕೆ ಹೋದಾಗ ನನಗೆ ಸಂಶಯ ಬಂತು. ಲಾರಿಯ ನೀರು ಹಾರಿದ್ದಾದರೆ ಚಕ್ರದ ಹತ್ತಿರ, ಕೆಳಗಡೆ ಇರಬೇಕಲ್ಲ? ಮಾಡಿನ ಮೇಲೆ ಹೇಗೆ ಬಂತು? ಕಾರಿನ ಒಂದು ಮಗ್ಗುಲು ಪೂರ್ತಿ ಚುಕ್ಕೆ, ಮನೆಯ ಕಡೆಯ ಮಗ್ಗುಲು ಶುದ್ಧ. ಅಷ್ಟರಲ್ಲಿ ಗೋಡೆಯ ಆಚೆ ಝುಂಯ್ ಎಂದು ಶಬ್ದ ಎದ್ದಿತು, ಕಿಡಿಗಳು ಹೂಬಾಣದ ಹಾಗೆ ಈಚೆಗೆ ಹಾರಿದವು. ದೀಪಾವಳಿ ಕಳೆದ ಮೇಲೆ ಪಕ್ಕದಲ್ಲಿ ಲಾರೆನ್ಸ್ ಎಂಬವನು ಗೇಟು, ಕಿಟಕಿಯ ಗ್ರಿಲ್ಲು ಮಾಡುವ ಅಂಗಡಿ ಹಾಕಿದ್ದಾನೆ. ಸೆರಗು ಸಿಕ್ಕಿಸಿಕೊಂಡು ನೇರ ಹೋದೆ.

"ಲಾರೆನ್ಸ್, ನಿನ್ನ ಕಿಡಿ ನಮ್ಮ ಅಂಗಳಕ್ಕೆ ಯಾಕೆ ಬರುವುದು?"

"ಕಿಡಿ ಅಲ್ವಾ ಅಮ್ಮಾ, ಗಾಳಿಯಲ್ಲೇ ಆರಿ ಹೋಗ್ತದೆ."

"ಆರಿದ್ದು ಎಲ್ಲಿಗೆ ಹೋಗ್ತದೆ? ಸ್ವರ್ಗಕ್ಕಾ?"

ಅವನು ನಗಲು ಹೋಗಿ ನನ್ನ ಮುಖ ನೋಡಿ ನಿಲ್ಲಿಸಿದ. ಕರೆತಂದು ಕಾರು ತೋರಿಸಿದೆ. ಪಾಪ, ಅವನೇ ಹೆದರಿದ. "ಕಬ್ಬಿಣದ ಹುಡಿ ಅಮ್ಮಾ ಇದು. ಬಿಸಿ ಬಿಸಿ ಬಂದು ಬಣ್ಣಕ್ಕೆ ಕಚ್ಚಿ ಕೂತಿದೆ. ಈಗ ಇಬ್ಬನಿಗೆ ಅದೇ ತುಕ್ಕು ಹಿಡಿದದ್ದು" ಎಂದ. ಅಂದೇ ಅವನು ಕಬ್ಬಿಣ ಕತ್ತರಿಸುವ ಯಂತ್ರವನ್ನು ಆಚೆ ಬದಿಗೆ ಸಾಗಿಸಿ ಗೋಡೆಗೆ ತಗಡು ಕಟ್ಟಿದ.

ಆಗ, ಹಿಂದೊಮ್ಮೆ ನಿನ್ನ ಶೆಡ್ಡಿಗೆ ಬಂದಿದ್ದ ಒಬ್ಬ ಡಾಕ್ಟರರ ಬಿಳಿ ಕಾರು ನೆನಪಾಯಿತು. ಮಣಿಪಾಲದಲ್ಲಿ ಹೊಸ ಕಟ್ಟಡಕ್ಕೆ ಕಬ್ಬಿಣದ ಸರಳು ಕತ್ತರಿಸುವ ಜಾಗದಲ್ಲಿ ನಿಲ್ಲಿಸಿ ಕಾರಿಗೆ ಇದೇ ರೋಗ ಹಿಡಿಸಿಕೊಂಡಿದ್ದರು. ನೀನು ಬಿಂಬುಳಿ ಜಜ್ಜಿ ರಸ ಹಿಂಡುತ್ತಿದ್ದೆ. "ಇದೆಂತದು, ಕಾರಿಗೆ ಚಟ್ನಿಯಾ?" ಎಂದೆ. "ಅಮ್ಮ ಪಂಚೆಯ ತುಕ್ಕು ಕಲೆಗೆ ಇದನ್ನೇ ಹಾಕುತ್ತಿದ್ದದ್ದಲ್ವಾ? ಕಬ್ಬಿಣ ಬಿಡಿಸದೆ ಪಾಲಿಶ್ ಹೊಡೆದರೆ ಆ ಹುಡಿಯನ್ನೇ ತೆಗೆದುಕೊಂಡು ಇಡೀ ಕಾರು ಗೀರಿದ ಹಾಗೆ. ಮೇಲಿಂದ ಮೇಣ ಹಚ್ಚಿದರೆ ತುಕ್ಕನ್ನು ಒಳಗೆ ಬೀಗ ಹಾಕಿ ಇಟ್ಟ ಹಾಗೆ" ಎಂದು ನೀನು ಹೇಳುತ್ತಲೇ ಇದ್ದೆ. ಅಷ್ಟು ಕೇಳಿದ್ದೇನೆ. ಮುಂದಿನದು ಕೇಳುವಷ್ಟರಲ್ಲಿ ಬಸ್ಸು ಬಂತು, ನಾನು ಹೊರಟೆ. ಬಸ್ಸು ಆ ಹೊತ್ತಿಗೇ ಬರಬೇಕಿತ್ತೇ?

ನಿನ್ನೆ ಬೆಳಿಗ್ಗೆ ಬಾಗಿಲಿನ ಕೆಳಗಿನ ಮೂಲೆಗೆ ಗಟ್ಟಿ ರಸ ಹಚ್ಚಿ ಬಿಸಿಲಲ್ಲಿ ಬಿಟ್ಟೆ. ಒಣಗಿತು. ತೊಳೆದರೆ ಚುಕ್ಕೆ ಅಲ್ಲೇ ಇತ್ತು, ಬಣ್ಣದ ಹೊಳಪು ಮಾತ್ರ ಸತ್ತಿತ್ತು, ಸುಣ್ಣ ಬಳಿದ ಹಾಗೆ. ಗೋಪಾಲ ನೋಡಿ, "ಸಾಕು ಅಮ್ಮಾ, ಮಾವ ಮಾಡುತ್ತಿದ್ದದ್ದು ಮಾವನಿಗೇ ಗೊತ್ತು. ಸೋಮವಾರ ಕೊಂಡುಹೋಗುತ್ತೇನೆ" ಎಂದ. ಮಗ ಹೇಳಿದ್ದರಲ್ಲಿ ತಪ್ಪು ಎಂತ ಉಂಟು? ಈ ಮನೆಯಲ್ಲಿ ನನ್ನ ಮಾತು ಮೀರಿದವರಿಲ್ಲ. ಆದರೆ ಆ ಮೂಲೆಯ ಎದುರು ಕುಕ್ಕರುಗಾಲಲ್ಲಿ ಕುಳಿತು ಮತ್ತೆ ಮತ್ತೆ ನೀರು ಹೊಯ್ಯುತ್ತಲೇ ಇದ್ದೆ ಸದಾಶಿವಾ. ನಿನ್ನನ್ನು ಉಳಿಸಿಕೊಳ್ಳಲು ಆಗಲಿಲ್ಲ. ನೀನು ಹೊಡೆದ ಬಣ್ಣವನ್ನಾದರೂ... ಒಂದು ಸಲ ಕನಸಿನಲ್ಲಾದರೂ ಬಂದು ಹೇಳಬಾರದೇ? ನನ್ನನ್ನು ಯಾಕೆ ಹೀಗೆ ಸತಾಯಿಸುತ್ತೀ?

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಈಗ ಮದುವೆ ಕಳೆದ ಮೇಲೆ ಮುಂದಕ್ಕೆ ಬರೆಯುತ್ತಿದ್ದೇನೆ.

ನೀನು ಕನಸಿಗೆ ಬರಲಿಲ್ಲ. ನಾನೇ ಕುಳಿತು ಯೋಚಿಸಿದೆ. ಅಮ್ಮ ಪಂಚೆಗೆ ರಸ ಹಾಕಿದರೆ ಬಿಸಿಲಿಗೆ ಹಾಕುತ್ತಿದ್ದಳೇ? ಇಲ್ಲ. ಬಚ್ಚಲಿನ ನೆರಳಲ್ಲಿ ಒದ್ದೆ ಮಾಡುತ್ತಲೇ ಇಡುತ್ತಿದ್ದಳು. ಕಾರನ್ನು ಮಾವಿನ ಮರದ ಅಡಿಗೆ ತಳ್ಳಿಸಿದೆ. ರಸವನ್ನು ಸೋಸಿ, ನೀರು ಬೆರೆಸಿ, ಹಳೆಯ ಪಂಚೆಯ ತುಂಡು ಅದ್ದಿ ಬಾನೆಟ್ಟಿನ ಮೇಲೆ ಹಾಸಿದೆ. ಒಣಗಲು ಬಿಡದೆ ಮತ್ತೆ ಮತ್ತೆ ಚಿಮುಕಿಸಿದೆ. ವನಜ ಹೊರಗೆ ಬಂದು ನೋಡಿದಳು. "ಮಾಮೀ, ಜ್ವರ ಬಂದವರ ಹಣೆಗೆ ಬಟ್ಟೆ ಹಾಕಿದ ಹಾಗೆ ಕಾಣ್ತದೆ" ಎಂದಳು. "ಬಾಯಿ ಮುಚ್ಚಿ ಬಿಂಬುಳಿ ಕೊಯ್ದು ತಾ" ಎಂದೆ. ತಂದಳು, ಜಜ್ಜಿದಳು. ಮದುಮಗಳ ಕೈ ಸುಕ್ಕಾಗುತ್ತದೆ ಎಂದು ಬೈದರೂ ಏಳಲಿಲ್ಲ.

ಬಟ್ಟೆ ಎತ್ತಿದಾಗ ಚುಕ್ಕೆಗಳು ಮಸುಕಾಗಿದ್ದವು. ಉಜ್ಜಲಿಲ್ಲ. ಸಾಬೂನು ನೀರು ಹೊಯ್ದು ಹುಳಿಯೆಲ್ಲ ಹೋಗುವಂತೆ ತೊಳೆದು, ಮತ್ತೆ ಬಟ್ಟೆ ಹಾಸಿದೆವು. ಪಟ್ಟು ಹಿಡಿದು ಕುಳಿತಿದ್ದ ಚುಕ್ಕೆಗಳು ಒಂದೊಂದೇ ಬಿಟ್ಟವು. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿದರೆ ಸಣ್ಣ ಹರಳೂ ಗೊತ್ತಾಗುತ್ತದೆ ಎಂದು ನೀನು ತೋರಿಸಿದ್ದೆಯಲ್ಲ, ಹಾಗೆ ನೋಡಿದೆ. ಕೈ ಎಲ್ಲಿಯೂ ನಿಲ್ಲಲಿಲ್ಲ. ಆ ಮೇಲೆಯೇ ಗೋಪಾಲನಿಗೆ ಪಾಲಿಶ್ ಮುಟ್ಟಲು ಬಿಟ್ಟದ್ದು, ಕೊನೆಗೆ ಮೇಣ. ಗಟ್ಟಿ ರಸದಿಂದ ನಾನು ಸುಟ್ಟ ಮೂಲೆಯೂ ಪಾಲಿಶಿಗೆ ಮುಕ್ಕಾಲು ಪಾಲು ಸರಿಯಾಯಿತು. ವನಜ ನಿನ್ನ ಕಾರಿನಲ್ಲೇ ಕಾಪುವಿಗೆ ಹೋದಳು. ಹತ್ತುವ ಮೊದಲು ಬಾಗಿಲಿಗೆ ಕೆನ್ನೆ ಇಟ್ಟಳು. ಬೈತಲೆ ಬೊಟ್ಟು ಗೀರು ಹಾಕೀತು ಎಂದು ಗದರಿಸಲು ಬಾಯಿ ತೆರೆದೆ. ಆದರೆ ಅವಳ ಸೆರಗು ಸರಿಮಾಡಿ ಬಾಗಿಲು ತೆರೆದು ಕೊಟ್ಟೆ.

ಮಾಡು ಮಾತ್ರ ನನ್ನಿಂದ ಉಳಿಯಲಿಲ್ಲ. ಮೊದಲು ತೊಳೆಯುವಾಗ ಅದರ ನಡುವಿಗೆ ಯಾರ ಕೈಯೂ ಎಟುಕುತ್ತಿರಲಿಲ್ಲ, ಇಬ್ಬನಿ ಅಲ್ಲೇ ನಿಲ್ಲುತ್ತಿತ್ತು. ಬಟ್ಟೆ ಎತ್ತುವಾಗ ಬಣ್ಣದ ಹಕ್ಕಳೆಗಳೂ ಜೊತೆಗೆ ಎದ್ದು ಬಂದವು, ಕೆಳಗೆ ತಗಡು ಕಪ್ಪಾಗಿ ಕಾಣುತ್ತಿತ್ತು. ಮದುವೆಯ ದಿನ ಮಲ್ಲಿಗೆಯ ಜಾಲರಿ ಹಾಸಿ ಮುಚ್ಚಿದೆವು. ಮಳೆ ಹಿಡಿಯುವ ಮೊದಲು ಏನಾದರೂ ಮಾಡದಿದ್ದರೆ ತೂತು ಬೀಳುತ್ತದೆ. ಪೈಂಟರ್ ಮತ್ತೆ ಬಂದು, "ಮಾಡು ಮಾತ್ರ ಹೊಡೆದರೆ ಹಳೆಯ ಬಣ್ಣಕ್ಕೆ ಹೊಂದುವುದಿಲ್ಲ ಅಮ್ಮಾ. ಮೇಲೆ ಒಂದು, ಕೆಳಗೆ ಒಂದು ಅಂತ ಕಾಣ್ತದೆ. ಜನ ನಗ್ತಾರೆ. ಇಡೀ ಕಾರು ಹೊಡೆಯುವ" ಎಂದ.

ಜನ ನಗುವ ಕೆಲಸವನ್ನು ನಾನು ಈ ವಯಸ್ಸಿನವರೆಗೆ ಮಾಡಿದವಳಲ್ಲ. ಸೀರೆಯ ನೆರಿಗೆ ತಪ್ಪಿದರೂ ಹೊರಗೆ ಕಾಲಿಟ್ಟವಳಲ್ಲ. ನಿನಗೇ ಗೊತ್ತಲ್ಲ?

"ಮಾಡು ಒಂದೇ ಹೊಡಿ" ಎಂದೆ. "ಕಿಟಕಿಯ ಕನ್ನಡಿಯಿಂದ ಕೆಳಗೆ ನಿನ್ನ ಕೈ ತಾಗಬಾರದು."

ನಾಳೆ ಕಾರಿನ ಜೊತೆ ನಾನೇ ಹೋಗಿ ಕುರ್ಚಿ ಹಾಕಿ ಕೂರುತ್ತೇನೆ. ಇನ್ನು ಮುಂದೆ ನಾನು ಆ ಕಾರಿನಲ್ಲಿ ಉಡುಪಿಗೆ, ಕಾರ್ಕಳಕ್ಕೆ, ಬೀಗರ ಮನೆಗೆ, ಎಲ್ಲ ಕಡೆ ಹೋಗುತ್ತೇನೆ. ಮೇಲೆ ಯಾರದೋ ಬಣ್ಣ, ಕೆಳಗೆ ನಿನ್ನದು. ನೋಡಿದವರು ನಗಲಿ.

ನಿನ್ನ ಅಕ್ಕ,
ಕಮಲ